ಹಳೆಯ ಕಂಪ್ಯೂಟರಿಗೆ ಸಾಟಾ ಕಾರ್ಡ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಇರುವುದು ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್. ಇಂಟೆಲ್ ಆ ಚಿಪ್‌ಸೆಟ್ ತಂದದ್ದು 2013ರಲ್ಲಿ. ಅದರಲ್ಲಿ ಸಾಟಾ ಪೋರ್ಟ್, ಅಂದರೆ ಡಿಸ್ಕ್‌ನ ಕೇಬಲ್ ಸಿಕ್ಕಿಸುವ ಜಾಗ, ನಾಲ್ಕೇ ನಾಲ್ಕು. ಒಂದಕ್ಕೆ ವಿಂಡೋಸ್ ಇರುವ ಎಸ್‌ಎಸ್‌ಡಿ, ಎರಡಕ್ಕೆ ಹಾರ್ಡ್ ಡಿಸ್ಕ್, ಉಳಿದ ಒಂದಕ್ಕೆ ಡಿವಿಡಿ ರೈಟರ್. ಮಾವನವರು ವರ್ಷಗಟ್ಟಲೆ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಳೆ, ಯಕ್ಷಗಾನಗಳನ್ನೆಲ್ಲ ಒಂದು ಕಡೆ ಸೇರಿಸಿಡೋಣ ಅಂತ ಹೊರಟಾಗ ಇನ್ನೊಂದು ಡಿಸ್ಕ್ ಸಿಕ್ಕಿಸಲು ಜಾಗ ಇರಲಿಲ್ಲ. ಆಗ ಒಂದು ಕಾರ್ಡ್ ತಂದು ಹಾಕಿದೆ. ಆಮೇಲೆ ನೆಂಟರ ಮನೆ, ಸ್ನೇಹಿತರ ಮನೆ, ನಮ್ಮ ಬೀದಿಯ ಫೋಟೋ ಸ್ಟುಡಿಯೋ ಅಂತ ಇದೇ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಈ ಕಾರ್ಡ್ ಮಾಡುವ ಕೆಲಸ ಏನು?

ಹಾರ್ಡ್ ಡಿಸ್ಕ್ ನೇರವಾಗಿ ಪ್ರೊಸೆಸರ್ ಜೊತೆ ಮಾತಾಡುವುದಿಲ್ಲ. ಮಧ್ಯೆ ಒಂದು ಕಂಟ್ರೋಲರ್ ಇರಬೇಕು. ಮದರ್‌ಬೋರ್ಡ್ ಮೇಲೆ ಕಾಣುವ ಸಾಟಾ ಪೋರ್ಟ್‌ಗಳ ಹಿಂದೆ ಇರುವುದು ಅದೇ. ಆ ಪೋರ್ಟ್‌ಗಳು ತುಂಬಿದಾಗ, ಖಾಲಿ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಇನ್ನೊಂದು ಕಂಟ್ರೋಲರ್ ಇರುವ ಕಾರ್ಡ್ ಸಿಕ್ಕಿಸುತ್ತೇವೆ. ಎರಡು, ನಾಲ್ಕು, ಐದು, ಆರು ಪೋರ್ಟ್‌ಗಳು ಹೊಸದಾಗಿ ಸಿಗುತ್ತವೆ. ಅಷ್ಟೇ.

ನನಗೆ ನಿಜಕ್ಕೂ ಕಾರ್ಡ್ ಬೇಕಾ?

ಮೊದಲು ಕ್ಯಾಬಿನೆಟ್‌ನ ಬಾಗಿಲು ತೆಗೆದು ನೋಡಿ. ಡಿವಿಡಿ ರೈಟರ್ ಕೊನೆಯ ಸಲ ಬಳಸಿದ್ದು ಯಾವಾಗ? ನೆನಪಿಲ್ಲ ಅಂದರೆ ಅದರ ಕೇಬಲ್ ಕಿತ್ತು ಡಿಸ್ಕ್‌ಗೆ ಹಾಕಿ. ಒಂದು ಪೋರ್ಟ್ ಪುಕ್ಕಟೆ ಸಿಕ್ಕಿತು. ನಾನು ನೋಡಿದ ಕಂಪ್ಯೂಟರುಗಳಲ್ಲಿ ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿದಿದೆ.

ಎರಡನೆಯದು, ಚಿಕ್ಕ ಡಿಸ್ಕ್‌ಗಳನ್ನು ಒಟ್ಟುಗೂಡಿಸುವುದು. 500 ಜಿಬಿಯ ಮೂರು ಹಳೆಯ ಡಿಸ್ಕ್ ಇಟ್ಟುಕೊಂಡು ನಾಲ್ಕನೆಯದಕ್ಕೆ ಕಾರ್ಡ್ ಹುಡುಕುವ ಬದಲು, 4 ಟಿಬಿಯ ಒಂದೇ ಡಿಸ್ಕ್ ತರುವುದು ಒಳ್ಳೆಯದು. ಕರೆಂಟ್ ಲೆಕ್ಕವೂ ಇದೆ. ದೊಡ್ಡ ಅಳತೆಯ ಹಾರ್ಡ್ ಡಿಸ್ಕ್ ಸುಮ್ನೆ ತಿರುಗುತ್ತಿದ್ದರೂ ಸುಮಾರು 5 ವ್ಯಾಟ್ ತಿನ್ನುತ್ತದೆ. ಹಗಲು ರಾತ್ರಿ ಓಡಿದರೆ ಒಂದು ಡಿಸ್ಕ್‌ಗೆ ವರ್ಷಕ್ಕೆ ಹತ್ತಿರ ಹತ್ತಿರ 44 ಯೂನಿಟ್.

ವಾರಕ್ಕೊಮ್ಮೆ ಬ್ಯಾಕಪ್ ತೆಗೆಯಲು ಮಾತ್ರ ಡಿಸ್ಕ್ ಬೇಕು ಅನ್ನುವವರಿಗೆ ಯುಎಸ್‌ಬಿ ಡಿಸ್ಕ್ ಸಾಕು. ಬ್ಯಾಕಪ್ ಡಿಸ್ಕ್ ಕಂಪ್ಯೂಟರಿನ ಹೊರಗೆ ಇರುವುದೇ ಕ್ಷೇಮ ಕೂಡ. ಇವೆಲ್ಲ ನೋಡಿಯೂ ಪೋರ್ಟ್ ಸಾಲದಿದ್ದರೆ ಕಾರ್ಡ್ ತನ್ನಿ.

ಯಾವ ಸ್ಲಾಟ್‌ಗೆ ಹಾಕಬೇಕು?

ಮದರ್‌ಬೋರ್ಡ್ ಮೇಲೆ ಉದ್ದನೆಯ ಸ್ಲಾಟ್ ಒಂದಿರುತ್ತದೆ, ಅದು ಎಕ್ಸ್16. ಸುಮಾರು ಒಂದು ಇಂಚು ಉದ್ದದ ಪುಟ್ಟ ಸ್ಲಾಟ್‌ಗಳು ಎಕ್ಸ್1. ಕೆಲವು ಬೋರ್ಡ್‌ಗಳಲ್ಲಿ ಮಧ್ಯಮ ಉದ್ದದ ಎಕ್ಸ್4 ಕೂಡ ಇರುತ್ತದೆ. ಚಿಕ್ಕ ಕಾರ್ಡನ್ನು ದೊಡ್ಡ ಸ್ಲಾಟ್‌ಗೆ ಹಾಕಬಹುದು, ಏನೂ ತೊಂದರೆ ಇಲ್ಲ. ದೊಡ್ಡ ಕಾರ್ಡ್ ಚಿಕ್ಕ ಸ್ಲಾಟ್‌ನಲ್ಲಿ ಕೂರಬೇಕಾದರೆ ಆ ಸ್ಲಾಟ್‌ನ ಹಿಂತುದಿ ತೆರೆದಿರಬೇಕು. ಹೆಚ್ಚಿನ ಬೋರ್ಡ್‌ಗಳಲ್ಲಿ ಮುಚ್ಚಿರುತ್ತದೆ. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆಯುವವರಿದ್ದಾರೆ. ನಾನಂತೂ ಯಾರಿಗೂ ಆ ಸಲಹೆ ಕೊಡುವುದಿಲ್ಲ. ಒಂದು ಪಿನ್ ತುಂಡಾದರೆ ಬೋರ್ಡೇ ಹೋಯಿತು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಆದರೆ ಎಕ್ಸ್16 ಸ್ಲಾಟ್ ಖಾಲಿ ಬಿದ್ದಿರುತ್ತದೆ. ಅದನ್ನು ಧಾರಾಳವಾಗಿ ಬಳಸಿ. ಹಾಗೆ ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ಕಾರ್ಡ್ ತೆಗೆದು ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡ್‌ನ ಸೆಟ್ಟಿಂಗ್) ಹೋಗಿ, ಮೊದಲ ಡಿಸ್‌ಪ್ಲೇ ಒಳಗಿನ ಗ್ರಾಫಿಕ್ಸ್‌ನಿಂದಲೇ ಬರಲಿ ಅಂತ ಆರಿಸಿ, ಮತ್ತೆ ಕಾರ್ಡ್ ಹಾಕಿ ನೋಡಿ.

ಬೋರ್ಡ್‌ನ ಕೈಪಿಡಿಯನ್ನು ಒಮ್ಮೆ ತಿರುವಿ ಹಾಕಿ. ಬೋರ್ಡ್ ಮೇಲೆ ಪುಟ್ಟ ಎಸ್‌ಎಸ್‌ಡಿ ನೇರವಾಗಿ ಸಿಕ್ಕಿಸುವ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಹಾಕಿದ್ದರೆ ಇಂತಿಂಥ ಸ್ಲಾಟ್ ಅಥವಾ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ ಅಂತ ಕೆಲವು ಬೋರ್ಡ್‌ಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಕಾರ್ಡ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟ ಎಷ್ಟೋ ಕಾರ್ಡ್‌ಗಳು ನಿಜಕ್ಕೂ ಕೆಟ್ಟಿರುವುದಿಲ್ಲ.

ಕಾರ್ಡ್‌ಗೆ ಹಾಕಿದರೆ ಡಿಸ್ಕ್ ನಿಧಾನ ಆಗುತ್ತದಾ?

ಇದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು. ಆದರೆ ಕಷ್ಟದ ಲೆಕ್ಕವಲ್ಲ.

ಮನೆಗೆ ಬರುವ ನೀರಿನ ಪೈಪು ಅರ್ಧ ಇಂಚಿನದು ಅಂತಿಟ್ಟುಕೊಳ್ಳಿ. ಅದಕ್ಕೆ ನಾಲ್ಕು ನಲ್ಲಿ. ಒಂದು ತಿರುಗಿಸಿದರೆ ನೀರು ಜೋರಾಗಿ ಬರುತ್ತದೆ. ನಾಲ್ಕೂ ಒಟ್ಟಿಗೆ ತಿರುಗಿಸಿದರೆ ಎಲ್ಲದರಲ್ಲೂ ಸಣ್ಣಗೆ. ಕಾರ್ಡ್‌ನಲ್ಲಿ ಪೋರ್ಟ್‌ಗಳು ನಲ್ಲಿಗಳಿದ್ದ ಹಾಗೆ, ಸ್ಲಾಟ್ ಪೈಪ್ ಇದ್ದ ಹಾಗೆ.

ಪೈಪಿನ ಅಳತೆ ಹೀಗಿದೆ. ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ತಲೆಮಾರು ಒಂದು ಲೇನ್‌ನಲ್ಲಿ (ಡೇಟಾ ಓಡುವ ಒಂದು ದಾರಿ; ಎಕ್ಸ್1 ಅಂದರೆ ಒಂದು, ಎಕ್ಸ್4 ಅಂದರೆ ನಾಲ್ಕು) ಸೆಕೆಂಡಿಗೆ 250 ಎಂಬಿ ಸಾಗಿಸುತ್ತದೆ. ಎರಡನೆಯದು 500 ಎಂಬಿ, ಮೂರನೆಯದು ಸುಮಾರು 985 ಎಂಬಿ. ಇವು ಕಾಗದದ ಮೇಲಿನ ಲೆಕ್ಕ. 500 ಅನ್ನುವ ಕಡೆ ಕೈಗೆ ಸಿಗುವುದು 400ರ ಆಸುಪಾಸು. ಇನ್ನು ಹಾರ್ಡ್ ಡಿಸ್ಕ್ ಓದುವುದು ಸೆಕೆಂಡಿಗೆ 150ರಿಂದ 250 ಎಂಬಿ. ಸಾಟಾ ಎಸ್‌ಎಸ್‌ಡಿ 550ರವರೆಗೂ ಹೋಗುತ್ತದೆ.

ಈಗ ನಮ್ಮ ಎಚ್81 ಬೋರ್ಡ್ ತೆಗೆದುಕೊಳ್ಳಿ. ಅದರ ಸ್ಲಾಟ್‌ಗಳು ಎರಡನೇ ತಲೆಮಾರಿನವು. ಎಕ್ಸ್1 ಸ್ಲಾಟ್‌ಗೆ ಕಾರ್ಡ್ ಹಾಕಿ ಎರಡು ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ, ಎರಡೂ ಒಟ್ಟಿಗೆ ಓಡಿದರೂ ಹೆಚ್ಚೇನೂ ನಷ್ಟವಿಲ್ಲ. ನಾಲ್ಕು ಸಿಕ್ಕಿಸಿದರೆ? ಸಿನಿಮಾ ನೋಡಲು, ಫೋಟೋ ತೆರೆಯಲು ಒಂದೊಂದೇ ಡಿಸ್ಕ್ ಬಳಸುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಾಲ್ಕನ್ನೂ ಸೇರಿಸಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಬಳಸುವ ವ್ಯವಸ್ಥೆ) ಮಾಡಿದವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಯಾಕೆಂದರೆ ಅಲ್ಲಿ ನಾಲ್ಕೂ ಯಾವಾಗಲೂ ಒಟ್ಟಿಗೇ ಓಡುತ್ತವೆ.

ಇದರಿಂದ ಬರುವ ನಿಯಮ ಒಂದೇ. ಎಸ್‌ಎಸ್‌ಡಿ ಮದರ್‌ಬೋರ್ಡ್‌ನ ಪೋರ್ಟ್‌ನಲ್ಲೇ ಇರಲಿ, ಹಾರ್ಡ್ ಡಿಸ್ಕ್‌ಗಳು ಕಾರ್ಡ್‌ಗೆ ಹೋಗಲಿ. ಎಚ್81ರಲ್ಲಿ ನಾಲ್ಕು ಪೋರ್ಟ್‌ಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್‌ನವು. ಬೋರ್ಡ್ ಮೇಲೆ ಬೇರೆ ಬಣ್ಣದಲ್ಲಿರುತ್ತವೆ, ಇಲ್ಲವೇ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎಸ್‌ಎಸ್‌ಡಿಯನ್ನು 3 ಗಿಗಾಬಿಟ್ ಪೋರ್ಟ್‌ಗೆ ಹಾಕಿ, ನಿಧಾನ ಅಂತ ಬೇಜಾರು ಮಾಡಿಕೊಂಡಿದ್ದವರನ್ನು ನೋಡಿದ್ದೇನೆ. ಅಲ್ಲಿ ಕಾರ್ಡ್ ಬೇಕಾಗಿರಲಿಲ್ಲ, ಕೇಬಲ್ ಅದಲು ಬದಲು ಮಾಡಿದರೆ ಸಾಕಾಗಿತ್ತು.

ಯಾವ ಕಾರ್ಡ್ ತೆಗೆದುಕೊಳ್ಳಲಿ?

ಡಬ್ಬದ ಮೇಲಿನ ಹೆಸರು ನೋಡಬೇಡಿ, ಒಳಗಿನ ಚಿಪ್ ನೋಡಿ. ಒಂದೇ ಚಿಪ್ ಇರುವ ಕಾರ್ಡ್ ಹತ್ತು ಹೆಸರಿನಲ್ಲಿ ಮಾರಾಟವಾಗುತ್ತದೆ.

ಎರಡು ಪೋರ್ಟ್ ಸಾಕು ಅನ್ನುವವರಿಗೆ ಎಎಸ್‌ಮೀಡಿಯಾದ ಎಎಸ್‌ಎಂ1061 ಚಿಪ್. ತುಂಬ ಹಳೆಯದು, ಎರಡನೇ ತಲೆಮಾರಿನ ಒಂದೇ ಲೇನ್. ಹಾರ್ಡ್ ಡಿಸ್ಕ್‌ಗಳಿಗೆ ಏನೂ ಕಮ್ಮಿ ಇಲ್ಲ. ನಾಲ್ಕು ಪೋರ್ಟ್ ಬೇಕಿದ್ದರೆ ಎಎಸ್‌ಎಂ1064, ಇದು ಮೂರನೇ ತಲೆಮಾರಿನ ಒಂದು ಲೇನ್. ಐದು ಪೋರ್ಟ್‌ಗೆ ಜೆಮೈಕ್ರಾನ್‌ನ ಜೆಎಂಬಿ585, ಆರು ಪೋರ್ಟ್‌ಗೆ ಎಎಸ್‌ಎಂ1166. ಇವೆರಡೂ ಮೂರನೇ ತಲೆಮಾರಿನ ಎರಡು ಲೇನ್ ಬಳಸುತ್ತವೆ. ಕಾರ್ಡ್ ನೋಡಲು ಎಕ್ಸ್4 ಉದ್ದ ಇರುತ್ತದೆ, ಹಾಗಾಗಿ ನಮ್ಮಂಥ ಬೋರ್ಡ್‌ನಲ್ಲಿ ಉದ್ದನೆಯ ಎಕ್ಸ್16 ಸ್ಲಾಟ್‌ಗೇ ಹೋಗಬೇಕು. ಎರಡನೇ ತಲೆಮಾರಿನ ಸ್ಲಾಟ್ ಆದರೂ ಎರಡು ಲೇನ್ ಸೇರಿ ಸೆಕೆಂಡಿಗೆ 1000 ಎಂಬಿ ಪೈಪ್ ಸಿಕ್ಕಿತು ಅಲ್ವಾ.

ಮಾರ್ವೆಲ್ ಚಿಪ್‌ನ ಕಾರ್ಡ್‌ಗಳೂ ಸಿಗುತ್ತವೆ. ವಿಂಡೋಸ್‌ನಲ್ಲಿ ಸರಿ. ಲಿನಕ್ಸ್‌ನಲ್ಲಿ ವರ್ಚುವಲ್ ಮಷೀನ್ ಓಡಿಸಲು ಬಯೋಸ್‌ನಲ್ಲಿ ಐಒಎಂಎಂಯು ಅನ್ನುವ ಸೌಲಭ್ಯ ಆನ್ ಮಾಡುವವರಿಗೆ ಅವುಗಳಲ್ಲಿ ಕೆಲವು ಚಿಪ್‌ಗಳು ಕಿರಿಕಿರಿ ಮಾಡುತ್ತವೆ. ಹೊಸದಾಗಿ ಕೊಳ್ಳುವವರು ಮೇಲಿನ ನಾಲ್ಕರಲ್ಲಿ ಒಂದನ್ನು ಆರಿಸಿ.

ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ ತರಬಹುದು. ಚಿಪ್ ಮೇಲೆ ಅಂಟಿಸಿದ ಹೀಟ್‌ಸಿಂಕ್ ಹೆಸರನ್ನು ಮುಚ್ಚಿರುತ್ತದೆ, ಆದ್ದರಿಂದ ಚಿಪ್ ಯಾವುದು ಅಂತ ಬಾಯಿಬಿಟ್ಟು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಗಿಡ್ಡ ಡೆಸ್ಕ್‌ಟಾಪ್ ಇರುವವರು ಕಾರ್ಡನ್ನು ಕ್ಯಾಬಿನೆಟ್‌ಗೆ ಬಿಗಿಸುವ ಗಿಡ್ಡ ತಗಡಿನ ಪಟ್ಟಿಯೂ ಡಬ್ಬದಲ್ಲಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಕಾರ್ಡ್ ಕ್ಯಾಬಿನೆಟ್‌ನಲ್ಲಿ ನಿಲ್ಲುವುದೇ ಇಲ್ಲ.

ಅದಕ್ಕಿಂತ ಅಗ್ಗಕ್ಕೆ ಹತ್ತು, ಹದಿನಾರು ಪೋರ್ಟ್ ಇರುವ ಕಾರ್ಡ್ ಸಿಗುತ್ತದಲ್ಲ?

ಸಿಗುತ್ತದೆ. ಬೇಡ.

ಪುಟ್ಟ ಎಕ್ಸ್1 ಕಾರ್ಡ್ ಮೇಲೆ ಅಷ್ಟೊಂದು ಪೋರ್ಟ್ ಕಂಡರೆ ಅಲ್ಲಿ ಪೋರ್ಟ್ ಮಲ್ಟಿಪ್ಲೈಯರ್ ಇದೆ ಅಂತ ತಿಳಿಯಿರಿ. ಅಂದರೆ ಒಂದು ಸಾಟಾ ಪೋರ್ಟನ್ನೇ ಐದಾಗಿ ಒಡೆಯುವ ಚಿಪ್. ವೇಗ ಹಂಚಿಹೋಗುವುದು ದೊಡ್ಡ ಮಾತಲ್ಲ. ತೊಂದರೆ ಇರುವುದು ಬೇರೆ ಕಡೆ. ಅದರ ಹಿಂದಿರುವ ಒಂದು ಡಿಸ್ಕ್ ಓದಲಾಗದೆ ತಡವರಿಸಿದರೆ ಇಡೀ ಗುಂಪಿನ ಸಂಪರ್ಕವೇ ರೀಸೆಟ್ ಆಗುತ್ತದೆ. ಚೆನ್ನಾಗಿದ್ದ ಉಳಿದ ಡಿಸ್ಕ್‌ಗಳೂ ಅರ್ಧ ಕಾಪಿ ಆಗುವಾಗ ಮಾಯ. ಸ್ನೇಹಿತರೊಬ್ಬರು ಮದುವೆ ವಿಡಿಯೋಗಳನ್ನು ಅಂಥ ಕಾರ್ಡ್ ಮೂಲಕ ಕಾಪಿ ಮಾಡುವಾಗ ಹೀಗಾಯಿತು. ಅದೃಷ್ಟಕ್ಕೆ ಕ್ಯಾಮೆರಾದ ಮೆಮೊರಿ ಕಾರ್ಡ್ ಇನ್ನೂ ಅಳಿಸಿರಲಿಲ್ಲ.

ಸರ್ವರ್‌ನಿಂದ ಬಿಚ್ಚಿದ ಎಲ್‌ಎಸ್‌ಐ ಕಾರ್ಡ್ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ. ತಗೊಳ್ಳಲಾ?

ಎಂಟು ಡಿಸ್ಕ್ ಬೇಕಿರುವವರಿಗೆ ಇದು ಬಹಳ ಗಟ್ಟಿ ದಾರಿ. ಎಲ್‌ಎಸ್‌ಐ 9211-8ಐ ಅನ್ನುವುದು ಹೆಸರುವಾಸಿ ಕಾರ್ಡ್. ಎಸ್‌ಎಎಸ್2008 ಚಿಪ್, ಎರಡನೇ ತಲೆಮಾರಿನ ಎಂಟು ಲೇನ್, ಎಂಟು ಡಿಸ್ಕ್. ಡೆಲ್‌ನ ಎಚ್310, ಐಬಿಎಂನ ಎಂ1015 ಕೂಡ ಅದೇ ಚಿಪ್‌ನವು. ಇವು ಸರ್ವರ್‌ನ ಎಸ್‌ಎಎಸ್ ಡಿಸ್ಕ್‌ಗಳಿಗೆ ಮಾಡಿದ ಕಾರ್ಡ್‌ಗಳು, ಆದರೆ ಸಾಟಾ ಡಿಸ್ಕ್‌ಗಳೂ ಇದರಲ್ಲಿ ಓಡುತ್ತವೆ.

ಆದರೆ ನಾಲ್ಕು ವಿಷಯ ಗೊತ್ತಿರಲಿ. ಅದರಲ್ಲಿ ಐಟಿ ಮೋಡ್ ಫರ್ಮ್‌ವೇರ್ (ಕಾರ್ಡ್ ಒಳಗೇ ಇರುವ ಸಾಫ್ಟ್‌ವೇರ್) ಇರಬೇಕು. ಆಗ ಮಾತ್ರ ಡಿಸ್ಕ್‌ಗಳನ್ನು ಇದ್ದ ಹಾಗೇ ಕಂಪ್ಯೂಟರಿಗೆ ತೋರಿಸುತ್ತದೆ. ಎರಡನೆಯದು ಬಿಸಿ. ಸರ್ವರ್‌ನಲ್ಲಿ ಸದಾ ಜೋರಾಗಿ ಬೀಸುವ ಗಾಳಿ ನಂಬಿಕೊಂಡು ಮಾಡಿದ ಕಾರ್ಡ್ ಇದು. ಮನೆಯ ಕ್ಯಾಬಿನೆಟ್‌ನಲ್ಲಿ ಅದರ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಎದುರಿಗೆ ಒಂದು ಪುಟ್ಟ ಫ್ಯಾನ್ ಕಟ್ಟಲೇಬೇಕು. ಮೂರನೆಯದು ಕೇಬಲ್. ಒಂದು ತುದಿ ಎಸ್‌ಎಫ್‌ಎಫ್-8087, ಇನ್ನೊಂದು ತುದಿಯಲ್ಲಿ ನಾಲ್ಕು ಸಾಟಾ. ಇದರಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಬಗೆ. ನೋಡಲು ಒಂದೇ ಥರ, ನಮಗೆ ಬೇಕಾದದ್ದು ಫಾರ್ವರ್ಡ್. ತಪ್ಪಿ ರಿವರ್ಸ್ ತಂದರೆ ಡಿಸ್ಕ್ ಕಾಣಿಸುವುದಿಲ್ಲ, ತಲೆಕೆಡಿಸಿಕೊಂಡು ಕೂರಬೇಕಾಗುತ್ತದೆ. ಕೊನೆಯದಾಗಿ, ಡೆಲ್ ಕಾರ್ಡ್‌ಗಳನ್ನು ಕೆಲವು ಸಾಮಾನ್ಯ ಬೋರ್ಡ್‌ಗಳಿಗೆ ಹಾಕಿದರೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲ. ಕಾರ್ಡ್‌ನ ಬಿ5, ಬಿ6 ಪಿನ್‌ಗಳನ್ನು ತೆಳು ಟೇಪಿನಿಂದ ಮುಚ್ಚಿದರೆ ಸರಿಹೋಗುತ್ತದೆ.

ಎಸ್‌ಎಎಸ್1068ಇ ಚಿಪ್‌ನ ಇನ್ನೂ ಹಳೆಯ ಕಾರ್ಡ್ ಯಾರಾದರೂ ಕೊಟ್ಟರೆ ತಗೊಳ್ಳಬೇಡಿ. 2 ಟಿಬಿಗಿಂತ ದೊಡ್ಡ ಡಿಸ್ಕ್ ಅದಕ್ಕೆ ಪೂರ್ತಿ ಕಾಣುವುದಿಲ್ಲ.

ಕಾರ್ಡ್‌ನಲ್ಲೇ ರೇಡ್ ಇದೆಯಂತೆ. ಬಳಸಲಾ?

ಮನೆಗೆ ಬೇಡ. ಕಾರ್ಡ್ ಕೆಟ್ಟ ದಿನ ಅದೇ ಜಾತಿಯ ಕಾರ್ಡ್ ಹುಡುಕಿಕೊಂಡು ಅಲೆಯಬೇಕು. ರೇಡ್ ಬೇಕೇ ಬೇಕೆಂದರೆ ಸಾದಾ ಕಾರ್ಡ್ ಹಾಕಿ, ಲಿನಕ್ಸ್ ಅಥವಾ ವಿಂಡೋಸ್‌ನಲ್ಲೇ ಇರುವ ಸಾಫ್ಟ್‌ವೇರ್ ರೇಡ್ ಮಾಡಿ. ಮತ್ತೊಂದು ಮಾತು: ರೇಡ್ ಇದ್ದರೂ ಬ್ಯಾಕಪ್ ಬೇಕು. ಕೈತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ.

ಈಗಿರುವ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಾಕಾ? ಡಿಸ್ಕ್‌ಗೆ ಪವರ್ ವೈರ್ ಎಲ್ಲಿಂದ ತರಲಿ?

ಎಲ್ಲರೂ ಕಾರ್ಡ್ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಕಾರ್ಡ್‌ನಿಂದ ಆದ ಅನಾಹುತಕ್ಕಿಂತ ಪವರ್ ವೈರ್‌ನಿಂದ ಆದದ್ದೇ ಜಾಸ್ತಿ.

ಹಾರ್ಡ್ ಡಿಸ್ಕ್ ಓಡುವಾಗ ತಿನ್ನುವುದು ಕಮ್ಮಿ, 5ರಿಂದ 8 ವ್ಯಾಟ್. ಆದರೆ ನಿಂತಿದ್ದ ತಟ್ಟೆ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡ್ 12 ವೋಲ್ಟ್‌ನಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಅಂದರೆ 24 ವ್ಯಾಟ್. ಆರು ಡಿಸ್ಕ್ ಒಟ್ಟಿಗೆ ಎದ್ದರೆ 12 ಆಂಪಿಯರ್, 144 ವ್ಯಾಟ್. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಅಂತ ಬರೆದಿದ್ದರೆ ಅದನ್ನು ನಂಬಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್‌ನ ಎದುರು ಎಷ್ಟು ಆಂಪಿಯರ್ ಬರೆದಿದೆ ಅನ್ನುವುದೇ ನಿಜವಾದ ಲೆಕ್ಕ. ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ ನಾಲ್ಕೈದು ಡಿಸ್ಕ್ ಹೊರಿಸಬೇಡಿ. ಮೊದಲು ಅದನ್ನು ಬದಲಾಯಿಸಿ, ಆಮೇಲೆ ಕಾರ್ಡ್.

ಇನ್ನು ವೈರ್. ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಪ್ಲಗ್ ಸಾಲದಿದ್ದಾಗ, ಹಳೆಯ ನಾಲ್ಕು ಪಿನ್‌ನ ಮೋಲೆಕ್ಸ್ ಪ್ಲಗ್‌ನಿಂದ ಸಾಟಾಗೆ ತಿರುಗಿಸುವ ಕನ್ವರ್ಟರ್ ಕೇಬಲ್ ತರುತ್ತೇವೆ. ನಾನೂ ತಂದಿದ್ದೆ, ಕಾರ್ಡ್ ಜೊತೆಗೇ, ಸಿಕ್ಕಿದ್ದರಲ್ಲಿ ಅಗ್ಗದ್ದು. ಮೂರು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಊಟ ಮುಗಿಸಿ ಬಂದಾಗ ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ. ಸ್ವಿಚ್ ಆರಿಸಿ ಬಾಗಿಲು ಬಿಚ್ಚಿ ನೋಡಿದರೆ, ಕಪ್ಪು ಪ್ಲಗ್‌ನ ಒಂದು ಮೂಲೆ ಉಬ್ಬಿ ಕಂದು ಬಣ್ಣಕ್ಕೆ ತಿರುಗಿತ್ತು. ಹಳದಿ ವೈರಿನ ಮೇಲಿನ ಸಿಪ್ಪೆ ಮೆತ್ತಗಾಗಿ ಬೆರಳಿಗೆ ಅಂಟಿತು. ಡಿಸ್ಕ್ ಉಳಿಯಿತು. ಅದರ ಪವರ್ ಪಿನ್‌ಗಳ ಪಕ್ಕದ ಪ್ಲಾಸ್ಟಿಕ್ ಮೇಲೆ ಇವತ್ತಿಗೂ ಒಂದು ಕಲೆ ಇದೆ. ಅದರಲ್ಲಿದ್ದದ್ದು ಮಾವನವರ ರೆಕಾರ್ಡಿಂಗ್‌ಗಳು, ಆಗ ಬೇರೆ ಪ್ರತಿ ಇರಲಿಲ್ಲ. ಮರುದಿನವೇ ಎರಡನೇ ಪ್ರತಿ ಮಾಡಿ ಮಾವನವರ ಮನೆಯಲ್ಲಿ ಇಟ್ಟು ಬಂದೆ.

ಅದು ಅಚ್ಚಿನಲ್ಲಿ ಪ್ಲಾಸ್ಟಿಕ್ ಸುರಿದು ಮಾಡಿದ ಪ್ಲಗ್ ಆಗಿತ್ತು. ಅಂಥದ್ದರಲ್ಲಿ 12 ವೋಲ್ಟ್‌ನ ವೈರು, ಗ್ರೌಂಡ್ ವೈರು ಒಳಗೆ ಎಷ್ಟು ಹತ್ತಿರ ಇವೆ ಅಂತ ಹೊರಗಿನಿಂದ ಕಾಣುವುದಿಲ್ಲ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದಂತೆ ವೈರುಗಳು ಸರಿದು ಒಂದಕ್ಕೊಂದು ತಾಗುತ್ತವೆ. ಇನ್ನೊಂದು ಬಗೆಯ ಪ್ಲಗ್‌ನಲ್ಲಿ ಪ್ರತಿ ವೈರೂ ತನ್ನ ಗೂಡಿನಲ್ಲಿ ಬೇರೆ ಬೇರೆಯಾಗಿ ಕೂತಿರುತ್ತದೆ, ಹಿಂದೆ ತೆಗೆಯಲು ಬರುವ ಮುಚ್ಚಳ ಇರುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಕನ್ವರ್ಟರ್ ಇಲ್ಲದೆ ಎಸ್‌ಎಂಪಿಎಸ್‌ನದೇ ಪ್ಲಗ್‌ಗಳು ಸಾಕಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಸಾಟಾ ಪ್ಲಗ್‌ನಿಂದ ನಾಲ್ಕು ಐದು ಡಿಸ್ಕ್‌ಗೆ ಕವಲು ತೆಗೆಯುವುದೂ ಬೇಡ. ಸಾಟಾ ಪ್ಲಗ್‌ನ 12 ವೋಲ್ಟ್ ಪಿನ್‌ಗಳು ಒಟ್ಟು ತಡೆಯುವುದು 4.5 ಆಂಪಿಯರ್. ಎರಡು ಡಿಸ್ಕ್ ಒಟ್ಟಿಗೆ ಎದ್ದರೇ 4 ಆಗಿಹೋಯಿತು.

ನಾನೇ ಹಾಕಬಹುದಾ?

ಖಂಡಿತ. ಸ್ಕ್ರೂ ಡ್ರೈವರ್ ಹಿಡಿಯಲು ಬಂದರೆ ಸಾಕು.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ಕೀಳಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಬಣ್ಣ ಬಳಿಯದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಆ ಒಣ ಹವೆಯ ದಿನಗಳಲ್ಲಿ ಇದನ್ನು ಮರೆಯಬೇಡಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.

ವರ್ಷಗಳಿಂದ ಖಾಲಿ ಇದ್ದ ಸ್ಲಾಟ್‌ನಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ, ಬ್ಲೋಯರ್ ಇದ್ದರೆ ಊದಿ. ಕರಾವಳಿಯ ಮಳೆಗಾಲ ಕಂಡ ಸೆಕೆಂಡ್‌ಹ್ಯಾಂಡ್ ಕಾರ್ಡ್ ಆದರೆ ಹಲ್ಲುಗಳು ಮಂಕಾಗಿರುತ್ತವೆ. ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದುಕೊಂಡು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ. ರಬ್ಬರ್ ಕಪ್ಪಾಗುತ್ತಾ ಹೋಗುತ್ತದೆ, ಹಲ್ಲು ಹೊಳೆಯುತ್ತದೆ. ಪುಡಿಯನ್ನು ಚೆನ್ನಾಗಿ ಒರೆಸಿ ಆಮೇಲೆ ಹಾಕಿ.

ಹಿಂದಿನ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಸ್ಲಾಟ್ ಮೇಲೆ ನೇರವಾಗಿ ಇಟ್ಟು, ಎರಡೂ ತುದಿಯನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ. ಸ್ವಲ್ಪ ಬಿಗಿ ಅನಿಸುತ್ತದೆ, ಆಮೇಲೆ ಒಂದು ಸಲಕ್ಕೆ ಇಳಿದು ಕೂರುತ್ತದೆ. ಹಲ್ಲಿನ ಹೊಳಪು ಒಂದು ಕಡೆ ಜಾಸ್ತಿ ಕಂಡರೆ ಓರೆ ಕೂತಿದೆ ಅಂತ ಅರ್ಥ. ಸ್ಕ್ರೂ ಬಿಗಿ ಮಾಡುವಾಗ ಆ ತಗಡು ಕಾರ್ಡನ್ನು ಎಳೆದು ಇನ್ನೊಂದು ತುದಿಯನ್ನು ಎಬ್ಬಿಸಿಬಿಡುತ್ತದೆ. ಹಾಗಾಗಿ ಸ್ಕ್ರೂ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಸಾಟಾ ಕೇಬಲ್ ಒಂದು ಮೀಟರ್‌ಗಿಂತ ಉದ್ದ ಬೇಡ, ತುದಿಯಲ್ಲಿ ಲೋಹದ ಕ್ಲಿಪ್ ಇರುವುದು ಒಳ್ಳೆಯದು.

ಡ್ರೈವರ್ ಹಾಕಬೇಕಾ?

ಎಎಸ್‌ಮೀಡಿಯಾ, ಜೆಮೈಕ್ರಾನ್ ಚಿಪ್‌ಗಳು ಎಎಚ್‌ಸಿಐ ಅನ್ನುವ ಸಾಮಾನ್ಯ ಪದ್ಧತಿಯಲ್ಲಿ ಕೆಲಸ ಮಾಡುತ್ತವೆ. ವಿಂಡೋಸ್ 10, 11 ಮತ್ತು ಲಿನಕ್ಸ್‌ನಲ್ಲಿ ಅದರ ಡ್ರೈವರ್ ಮೊದಲೇ ಇರುತ್ತದೆ. ಡಬ್ಬದಲ್ಲಿ ಬಂದ ಪುಟ್ಟ ಸಿಡಿ ಪಕ್ಕಕ್ಕಿಡಿ. ಎಲ್‌ಎಸ್‌ಐ ಕಾರ್ಡ್‌ಗೂ ಲಿನಕ್ಸ್‌ನಲ್ಲಿ ಏನೂ ಹಾಕಬೇಕಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಹಳೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಂತ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಹಾಕಿ, ಈ ಕಾರ್ಡ್ ಸೇರಿಸಿ, ಮನೆಯವರೆಲ್ಲರ ಫೋಟೋ ಸಂಗ್ರಹದ ಕಂಪ್ಯೂಟರ್ ಮಾಡಬಹುದು. ನಮ್ಮದು ಈಗ ಮಾಡುತ್ತಿರುವುದು ಅದನ್ನೇ.

ಡೇಟಾ ತುಂಬಿದ ಡಿಸ್ಕನ್ನು ಬೋರ್ಡ್‌ನಿಂದ ಕಾರ್ಡ್‌ಗೆ ಬದಲಾಯಿಸಿದರೆ ಡೇಟಾ ಹೋಗುತ್ತದಾ?

ಸಾದಾ ಕಾರ್ಡ್ ಆದರೆ ಹೋಗುವುದಿಲ್ಲ. ಇದ್ದದ್ದು ಇದ್ದ ಹಾಗೇ ಕಾಣುತ್ತದೆ. ಆದರೆ ಒಂದು ಕಡೆ ಎಚ್ಚರ ಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಈ ಡಿಸ್ಕನ್ನು ಇನಿಶಿಯಲೈಸ್ ಮಾಡಲೇ ಅಂತ ವಿಂಡೋಸ್ ಕೇಳಿದರೆ, ಅದು ಹೊಚ್ಚ ಹೊಸ ಡಿಸ್ಕ್ ಆಗಿದ್ದರೆ ಮಾತ್ರ ಹೂಂ ಅನ್ನಿ. ಡೇಟಾ ಇದೆ ಅಂತ ಗೊತ್ತಿರುವ ಡಿಸ್ಕ್‌ಗೆ ಈ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ, ಕೇಬಲ್ ಬದಲಾಯಿಸಿ, ಹಳೆಯ ಪೋರ್ಟ್‌ಗೆ ಹಾಕಿ ನೋಡಿ.

ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿದ ಡಿಸ್ಕ್‌ನಲ್ಲೂ ಹೀಗಾಗಬಹುದು. 2 ಟಿಬಿಗಿಂತ ದೊಡ್ಡ ಡಿಸ್ಕ್‌ಗಳಿಗೆ ಕೆಲವು ಪೆಟ್ಟಿಗೆಗಳು ಸೆಕ್ಟರ್ ಅಳತೆಯನ್ನು ಬದಲಿಸಿ ತೋರಿಸಿರುತ್ತವೆ, ನೇರವಾಗಿ ಸಾಟಾಗೆ ಹಾಕಿದಾಗ ಲೆಕ್ಕ ಹೊಂದುವುದಿಲ್ಲ. ಮತ್ತೆ ಅದೇ ಪೆಟ್ಟಿಗೆಗೆ ಹಾಕಿದರೆ ಎಲ್ಲ ಕಾಣುತ್ತದೆ. ಅಲ್ಲಿಂದ ಕಾಪಿ ಮಾಡಿಕೊಂಡು ಆಮೇಲೆ ಬದಲಾಯಿಸಿ.

ವಿಂಡೋಸ್ ಇರುವ ಡಿಸ್ಕನ್ನೇ ಕಾರ್ಡ್‌ಗೆ ಹಾಕಬಹುದಾ?

ಬೇಡ. ಕೆಲವು ಕಾರ್ಡ್‌ಗಳಿಂದ ಬೂಟ್ ಆಗುತ್ತದೆ, ಕೆಲವದರಿಂದ ಇಲ್ಲ. ಅನಿವಾರ್ಯ ಆದರೆ ಮೊದಲು ಬೇರೆ ಯಾವುದಾದರೂ ಡಿಸ್ಕನ್ನು ಕಾರ್ಡ್‌ಗೆ ಹಾಕಿ ವಿಂಡೋಸ್ ಆನ್ ಮಾಡಿ, ಡ್ರೈವರ್ ಕೂತ ಮೇಲೆ ಬೂಟ್ ಡಿಸ್ಕ್ ಬದಲಾಯಿಸಿ. ಇಲ್ಲದಿದ್ದರೆ ನೀಲಿ ಪರದೆ ಬರಬಹುದು. ಈ ಭರಾಟೆಯಲ್ಲಿ ಬಯೋಸ್‌ನ ಸಾಟಾ ಮೋಡ್ ಮಾತ್ರ ಮುಟ್ಟಬೇಡಿ.

ಎಲ್ಲ ಹಾಕಿದೆ. ಡಿಸ್ಕ್ ಕಾಣುತ್ತಿಲ್ಲ!

ಮೊದಲು ಬೆರಳು, ಆಮೇಲೆ ಕಣ್ಣು. ಆನ್ ಮಾಡಿ ಡಿಸ್ಕ್ ಮೇಲೆ ಬೆರಳಿಡಿ. ಸಣ್ಣ ನಡುಕ ಸಿಕ್ಕಿತಾ? ಇಲ್ಲ ಅಂದರೆ ಪವರ್ ಬಂದಿಲ್ಲ. ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿದ ದೊಡ್ಡ ಡಿಸ್ಕ್ ಆದರೆ ಇನ್ನೊಂದು ಕಾರಣವೂ ಇದೆ. ಹೊಸ ಸಾಟಾ ನಿಯಮದಲ್ಲಿ ಪವರ್ ಪ್ಲಗ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಮಲಗಬೇಕು ಅಂತಿದೆ. ಹಳೆಯ ಎಸ್‌ಎಂಪಿಎಸ್ ಅಲ್ಲಿ ಯಾವಾಗಲೂ 3.3 ವೋಲ್ಟ್ ಕೊಡುತ್ತದೆ, ಡಿಸ್ಕ್ ಏಳುವುದೇ ಇಲ್ಲ. ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ಇಲ್ಲ, ಹಾಗಾಗಿ ಒಳ್ಳೆಯ ಕನ್ವರ್ಟರ್ ಕೇಬಲ್‌ಗೆ ಇಲ್ಲಿ ಒಂದು ನಿಜವಾದ ಉಪಯೋಗ ಇದೆ.

ಡಿಸ್ಕ್ ತಿರುಗುತ್ತಿದೆ, ಆದರೂ ಕಾಣುತ್ತಿಲ್ಲ ಅಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಇದೆಯಾ ನೋಡಿ. ಕಾರ್ಡೇ ಇಲ್ಲದಿದ್ದರೆ ತೆಗೆದು ಮತ್ತೆ ಕೂರಿಸಿ, ಬೇರೆ ಸ್ಲಾಟ್‌ಗೆ ಹಾಕಿ. ಕಾರ್ಡ್ ಇದ್ದರೆ ಕೇಬಲ್ ಬದಲಾಯಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇದ್ದು ಮೈ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಡ್ರೈವ್ ಅಕ್ಷರ ಕೊಟ್ಟಿಲ್ಲ, ಅಷ್ಟೇ. ಹೊಸ ಡಿಸ್ಕ್ 2 ಟಿಬಿಗಿಂತ ದೊಡ್ಡದಾಗಿದ್ದರೆ, ಇನಿಶಿಯಲೈಸ್ ಮಾಡುವಾಗ ಜಿಪಿಟಿ (ಡಿಸ್ಕ್‌ನ ಭಾಗಗಳ ಲೆಕ್ಕ ಇಡುವ ಹೊಸ ಪದ್ಧತಿ) ಆರಿಸಿ. ಹಳೆಯ ಎಂಬಿಆರ್ ಪದ್ಧತಿಗೆ ಸುಮಾರು 2.2 ಟಿಬಿ ಆಚೆ ಎಣಿಸಲು ಬರುವುದಿಲ್ಲ.

ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಮಾತ್ರ ಡಿಸ್ಕ್ ಮಾಯವಾಗುತ್ತದೆ ಅನ್ನುವವರು ಪವರ್ ಆಪ್ಷನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ ನೋಡಿ.

ಪೆನ್‌ಡ್ರೈವ್ ಥರ ಒಳಗಿನ ಡಿಸ್ಕನ್ನೂ ಎಜೆಕ್ಟ್ ಮಾಡಿ ಅಂತ ತೋರಿಸುತ್ತಿದೆ. ಯಾಕೆ?

ಓಡುತ್ತಿರುವಾಗಲೇ ಡಿಸ್ಕ್ ಬದಲಾಯಿಸಲು ಬರುವ ಪೋರ್ಟ್ ಅಂತ ಕಾರ್ಡ್ ಹೇಳಿಕೊಂಡಿದೆ. ತಪ್ಪೇನಿಲ್ಲ. ಕೈತಪ್ಪಿ ಒತ್ತಿದರೆ ರೀಸ್ಟಾರ್ಟ್ ಮಾಡಿ.

ಎನ್‌ವಿಎಂಇ ಎಸ್‌ಎಸ್‌ಡಿಗೂ ಇಂಥ ಕಾರ್ಡ್ ಇದೆಯಾ?

ಇದೆ. ಎನ್‌ವಿಎಂಇ ಅಂದರೆ ಸಾಟಾ ಬದಲು ಪಿಸಿಐ ಎಕ್ಸ್‌ಪ್ರೆಸ್ ಮೂಲಕವೇ ಓಡುವ ಎಸ್‌ಎಸ್‌ಡಿ. ಈ ಕಾರ್ಡ್‌ನಲ್ಲಿ ಕಂಟ್ರೋಲರ್ ಚಿಪ್ ಇಲ್ಲ, ಸ್ಲಾಟ್‌ನ ನಾಲ್ಕು ಲೇನ್‌ಗಳನ್ನು ನೇರವಾಗಿ ಎಸ್‌ಎಸ್‌ಡಿಗೆ ಮುಟ್ಟಿಸುವ ಸಾದಾ ಹಲಗೆ. ಹಳೆಯ ಬೋರ್ಡ್‌ನಲ್ಲೂ ಡೇಟಾ ಇಡಲು ಚೆನ್ನಾಗಿ ಓಡುತ್ತದೆ. ಆದರೆ 2014ಕ್ಕಿಂತ ಹಿಂದಿನ ಬೋರ್ಡ್‌ಗಳಲ್ಲಿ ಹೆಚ್ಚಿನವು ಅದರಿಂದ ಬೂಟ್ ಆಗುವುದಿಲ್ಲ. ನಾಲ್ಕು ಎಸ್‌ಎಸ್‌ಡಿ ಹಾಕುವ ಉದ್ದನೆಯ ಕಾರ್ಡ್‌ಗೆ ಎಕ್ಸ್16 ಸ್ಲಾಟನ್ನು ನಾಲ್ಕು ಭಾಗ ಮಾಡುವ ಸೌಲಭ್ಯ ಬಯೋಸ್‌ನಲ್ಲಿ ಇರಬೇಕು. ಅದು ಇಲ್ಲದಿದ್ದರೆ ಒಂದೇ ಎಸ್‌ಎಸ್‌ಡಿ ಕಾಣುತ್ತದೆ. ಎಂ.2 ಆಕಾರದ ಸಾಟಾ ಎಸ್‌ಎಸ್‌ಡಿ ಈ ಕಾರ್ಡ್‌ನಲ್ಲಿ ಓಡುವುದಿಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ನನ್ನ ಬೋರ್ಡ್‌ನಲ್ಲಿ ಹಳೆಯ ಬಿಳಿ ಪಿಸಿಐ ಸ್ಲಾಟ್ ಮಾತ್ರ ಖಾಲಿ ಇದೆ.

ಅದಕ್ಕೂ ಸಾಟಾ ಕಾರ್ಡ್ ಇದೆ. ಆದರೆ ಆ ದಾರಿಯ ಒಟ್ಟು ವೇಗವೇ ಸೆಕೆಂಡಿಗೆ 133 ಎಂಬಿ, ಅದನ್ನೂ ಎಲ್ಲ ಸ್ಲಾಟ್‌ಗಳು ಹಂಚಿಕೊಳ್ಳಬೇಕು. ಹಳೆಯ ಡಿಸ್ಕ್‌ನಿಂದ ಫೋಟೋ ತೆಗೆದುಕೊಳ್ಳಲು ಸಾಕು, ದಿನನಿತ್ಯಕ್ಕೆ ಸಾಲದು. ಚಪ್ಪಟೆ ಕೇಬಲ್‌ನ ಐಡಿಇ ಡಿಸ್ಕ್ ಓದಬೇಕಿದ್ದರೆ ಕಾರ್ಡ್ ಯಾಕೆ, ಯುಎಸ್‌ಬಿ ಕನ್ವರ್ಟರ್ ತನ್ನಿ. ಡಿಸ್ಕ್‌ನ ಹಿಂದಿನ ಪಿನ್‌ಗಳ ಮೇಲೆ ಹಾಕುವ ಪುಟ್ಟ ಕ್ಲಿಪ್ (ಜಂಪರ್) ಮಾಸ್ಟರ್ ಅಂತ ಬರೆದ ಜಾಗದಲ್ಲಿ ಇರಲಿ.

ಕಾರ್ಡ್ ಕೆಟ್ಟರೆ ಏನು ಮಾಡಲಿ?

ರೇಡ್ ಮಾಡದ ಸಾದಾ ಕಾರ್ಡ್ ಆಗಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಾವ ಕಂಪ್ಯೂಟರಿನ ಸಾಟಾ ಪೋರ್ಟ್‌ಗಾದರೂ ಹಾಕಿ, ಎಲ್ಲ ಫೈಲ್ ಹಾಗೇ ಸಿಗುತ್ತವೆ. ಲಿನಕ್ಸ್ ಡಿಸ್ಕ್ ಆದರೆ ಲಿನಕ್ಸ್ ಇರುವ ಕಂಪ್ಯೂಟರಿಗೇ ಹಾಕಿ. ಹೊಸ ಕಾರ್ಡ್ ಬೇರೆ ಚಿಪ್‌ನದಾದರೂ ಪರವಾಗಿಲ್ಲ. ಯಾವ ಡಿಸ್ಕ್ ಯಾವ ಪೋರ್ಟ್‌ನಲ್ಲಿತ್ತು ಅನ್ನುವುದೂ ಮುಖ್ಯವಲ್ಲ. ಆದರೂ ನಾನು ಪ್ರತಿ ಡಿಸ್ಕ್ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳಗೆ ಏನಿದೆ, ಯಾವ ವರ್ಷ ಕೊಂಡದ್ದು ಅಂತ ಪೆನ್ನಿನಲ್ಲಿ ಬರೆದಿಡುತ್ತೇನೆ. ಐದು ಡಿಸ್ಕ್ ಒಂದೇ ಥರ ಕಾಣುವಾಗ, ಬಿಚ್ಚಬೇಕಾದದ್ದು ಯಾವುದು ಅಂತ ಆ ಟೇಪ್ ಹೇಳುತ್ತದೆ.